ಅಡುಗೆಮನೆಯ ತಟ್ಟೆಗಳು ಸುಮ್ಮನಾದದ್ದು

ನೆಲಮಾಳಿಗೆಯಲ್ಲಿ ಹೋಂ ಥಿಯೇಟರ್ ಜೋಡಿಸಿದ ಮೊದಲ ರಾತ್ರಿಯೇ ಅಮ್ಮ ಮೆಟ್ಟಿಲಿಳಿದು ಬಂದು, "ಸ್ಟ್ಯಾಂಡಿನಲ್ಲಿ ತಟ್ಟೆಗಳು ನಡುಗುತ್ತಿವೆ" ಎಂದರು. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಅಡುಗೆಮನೆ ಸರಿಯಾಗಿ ಆ ಕೋಣೆಯ ನೆತ್ತಿಯ ಮೇಲಿದೆ.

ಹತ್ತಿ ಗಿರಣಿಗಳ ಊರಿನವನಲ್ಲವೇ, ಮೊದಲು ಹೊಳೆದದ್ದು ಗಾದಿ. ಹಳೆಯ ಗಾದಿಗಳನ್ನು ಗೋಡೆಗೆ ಬಿಗಿದೆ, ಯಾರೋ ಹೇಳಿದರೆಂದು ಮೊಟ್ಟೆಯ ಟ್ರೇಗಳನ್ನೂ ಅಂಟಿಸಿದೆ. ಕೋಣೆಯೊಳಗಿನ ಮಾರ್ದನಿ ತಗ್ಗಿತು. ತಟ್ಟೆಗಳು ಮಾತ್ರ ಕುಣಿಯುತ್ತಲೇ ಇದ್ದವು. ಮಳೆಗಾಲದಲ್ಲಿ ಗಾದಿಗಳು ತೇವ ಹೀರಿ ಮುಗ್ಗಲು ನಾತ ಬೇರೆ. ತಟ್ಟೆ ನಡುಗಿಸುವುದು ಬಾಸ್, ಅಂದರೆ ತಗ್ಗು ಶ್ರುತಿಯ ದನಿ. ಸೆಕೆಂಡಿಗೆ 40 ಸಲ ಕಂಪಿಸುವ (40 ಹರ್ಟ್ಜ್) ಬಾಸ್ ಅಲೆ ಎಂಟೂವರೆ ಮೀಟರ್ ಉದ್ದವಿರುತ್ತದೆ. ಎರಡು ಇಂಚಿನ ಹತ್ತಿ ಅದಕ್ಕೆ ಯಾವ ಲೆಕ್ಕ? ತಡೆಯಲು ತೂಕ ಬೇಕು, ಆ ತೂಕ ಸ್ಲ್ಯಾಬಿಗೆ ಬಿಗಿಯಾಗಿ ತಾಗಿರಬಾರದು.

ಎಲ್ಲವನ್ನೂ ಕಿತ್ತೆ. ಮೊದಲು ಗೋಡೆಯ ತೇವಕ್ಕೆ ಮದ್ದು. ನಂತರ ರಬ್ಬರ್ ಹ್ಯಾಂಗರ್‌ಗಳಿಂದ ಚೌಕಟ್ಟು ಇಳಿಬಿಟ್ಟು, ನಡುವೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು) ತುಂಬಿ, ಕೆಳಗೆ 12.5 ಮಿಲಿಮೀಟರ್ ಜಿಪ್ಸಂ ಹಲಗೆಯನ್ನು ಎರಡು ಪದರ ಹೊಡೆಸಿದೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಕೆಲಸಗಾರ ನಾಲ್ಕು ಕಡೆ ಕಬ್ಬಿಣದ ಪಟ್ಟಿಯಿಂದ ಚೌಕಟ್ಟನ್ನು ಸ್ಲ್ಯಾಬಿಗೇ ಬಿಗಿದಿದ್ದ. "ಅಲ್ಲಾಡುತ್ತಿತ್ತು ಸಾರ್" ಎಂದ. ಅಲ್ಲಾಡಲೆಂದೇ ಅಷ್ಟು ದುಡ್ಡು ಸುರಿದದ್ದು! ಪಟ್ಟಿ ಬಿಚ್ಚಿಸಿದೆ.

ಆದರೂ ಮಾತು ಮೇಲೆ ಕೇಳಿಸುತ್ತಿತ್ತು. ಎಕ್ಸಾಸ್ಟ್ ಫ್ಯಾನ್ ಹಾಕಿ, ಊದುಬತ್ತಿ ಹಿಡಿದು ಗೋಡೆಗುಂಟ ನಡೆದೆ. ಹೊಗೆ ನೆಟ್ಟಗೆ ಏರದೆ ಬಾಗಿದ ಕಡೆಯೆಲ್ಲ ಸಂದು. ಎಸಿ ಪೈಪಿನ ತೂತಿಗೆ ಯಾರೋ ಹಳೆಯ ಪತ್ರಿಕೆ ತುರುಕಿ ಮೇಲೆ ಗಾರೆ ಸವರಿದ್ದರು. ಬಾಗಿಲ ಅಡಿಯಲ್ಲಿ ಅರ್ಧ ಇಂಚು ಖಾಲಿ. ಬಾಗಿಲಿನ ಶೇಕಡಾ ಒಂದರಷ್ಟು ಜಾಗ ತೆರೆದಿದ್ದರೂ ಸಾಕು, ಹಲಗೆ ಎಷ್ಟೇ ದಪ್ಪವಿರಲಿ, ತಡೆ 20 ಡೆಸಿಬೆಲ್ ದಾಟುವುದಿಲ್ಲ. ಒಳಗೆ ಪೊಳ್ಳಿದ್ದ ಬಾಗಿಲನ್ನು ತೆಗೆದು ಗಟ್ಟಿಯದನ್ನು ಕೂರಿಸಿ, ಸುತ್ತ ರಬ್ಬರ್ ಪಟ್ಟಿ ಕೊಟ್ಟೆ. ತೂತುಗಳಿಗೆ ಒಣಗಿದರೂ ಮೆತ್ತಗಿರುವ ಸೀಲೆಂಟ್ ತುಂಬಿಸಿದೆ. ಗಾಳಿಗೆಂದು ಎರಡು ತಿರುವಿರುವ, ಒಳಮೈಗೆ ಫೋಮ್ ಹಚ್ಚಿದ ಕೊಳವೆ ಇಟ್ಟೆ.

ಈಗ ರಾತ್ರಿ ಹತ್ತರ ಮೇಲೂ ಸಿನಿಮಾ ನಡೆಯುತ್ತದೆ. ತೀರಾ ಕೆಳಗಿನ ಬಾಸ್ ಬಂದಾಗ ಒಂದು ಡಬ್ಬಿಯ ಮುಚ್ಚಳ ಮಾತ್ರ ಟಿಣ್ ಎನ್ನುತ್ತಿತ್ತು. ಅಮ್ಮ ಅದರ ಕೆಳಗೆ ಹತ್ತಿ ಬಟ್ಟೆ ಮಡಚಿಟ್ಟಿದ್ದಾರೆ.