ಅಮ್ಮನ ಮರೆವು, ಮಗಳ ಬಿಪಿ

ಮರೆವಿನ ಕ್ಲಿನಿಕ್ಕಿಗೆ ಯಾರೂ ಒಂಟಿಯಾಗಿ ಬರುವುದಿಲ್ಲ. ಎಪ್ಪತ್ತೈದು ದಾಟಿದ ತಾಯಿಯನ್ನೋ ತಂದೆಯನ್ನೋ ಐವತ್ತರ ಆಸುಪಾಸಿನ ಮಗಳೋ ಸೊಸೆಯೋ ಮಗನೋ ಕರೆತರುತ್ತಾರೆ. ಹಿರಿಯರಿಗೆ ಇರುವುದು ಯಾವ ತೊಂದರೆ ಎಂದು ಗುರುತಿಸುವುದು ನನ್ನ ಮೊದಲ ಕೆಲಸ. ಎರಡನೆಯದು, ಪಕ್ಕದ ಕುರ್ಚಿಯಲ್ಲಿ ಕೂತವರ ತೋಳಿಗೆ ಬಿಪಿ ಪಟ್ಟಿ ಸುತ್ತುವುದು. ಬಾರದಂತೆ ನೋಡಿಕೊಳ್ಳುವ ಮಾತು ಹೆಚ್ಚು ಫಲ ಕೊಡುವುದು ಇವರಲ್ಲೇ.

ಕಾರಣ ಕಾಯಿಲೆಯ ವೇಗದಲ್ಲಿದೆ. ಆಲ್‌ಝೈಮರ್ಸ್‌ನಲ್ಲಿ (ಮರೆವಿನ ಕಾಯಿಲೆಗಳಲ್ಲಿ ಹೆಚ್ಚು ಕಾಣುವುದು ಇದೇ) ನರಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಗರಣೆಗಟ್ಟುತ್ತದೆ, ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ಗೋಜಲಾಗುತ್ತದೆ. 1906ರಲ್ಲಿ ಜರ್ಮನಿಯ ಆಲೊಯಿಸ್ ಆಲ್‌ಝೈಮರ್ ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದ್ದು ಇವೆರಡನ್ನೇ. ಅವರ ರೋಗಿ ಆಗುಸ್ಟೆ ಡೀಟರ್ ಆಸ್ಪತ್ರೆ ಸೇರಿದಾಗ ಆಕೆಗೆ ಬರೀ 51 ವರ್ಷ. ಈ ಬದಲಾವಣೆಗಳು ಲಕ್ಷಣ ಕಾಣುವುದಕ್ಕೆ 15ರಿಂದ 20 ವರ್ಷ ಮೊದಲೇ ಶುರುವಾಗಿರುತ್ತವೆ. ಎಪ್ಪತ್ತೆರಡಕ್ಕೆ ಮರೆವು ಕಾಣಿಸಿಕೊಂಡವರಲ್ಲಿ ಕಾಯಿಲೆ ಬೇರು ಬಿಟ್ಟಿದ್ದು ಐವತ್ತೈದರ ಹೊತ್ತಿಗೆ. ಅಲ್ಲದೆ, ಎಂಬತ್ತರ ಮಿದುಳಿನಲ್ಲಿ ಅಮಿಲಾಯ್ಡ್ ಒಂದೇ ಇರುವುದು ಅಪರೂಪ. ಬಿಪಿ, ಶುಗರ್‌ಗಳಿಂದ ಹಾಳಾದ ಸಣ್ಣ ರಕ್ತನಾಳಗಳೂ ಜೊತೆಗಿರುತ್ತವೆ. ಅಮಿಲಾಯ್ಡ್ ಒಂದೇ ಪ್ರಮಾಣದಲ್ಲಿದ್ದರೂ ರಕ್ತನಾಳ ಚೆನ್ನಾಗಿರುವವರು ಹೆಚ್ಚು ವರ್ಷ ಮನೆ ಲೆಕ್ಕ ನೋಡಿಕೊಂಡಿರುತ್ತಾರೆ. ನಾವು ಕೈ ಹಾಕಬಹುದಾದ ಜಾಗ ಅದು.

ಹಿರಿಯರ ತಪಾಸಣೆ ಶುರುವಾಗುವುದು ಕಿವಿಯಿಂದ. ಟಾರ್ಚ್ ಹಾಕಿ ಗುಗ್ಗೆ ನೋಡುತ್ತೇನೆ. ಗಟ್ಟಿಯಾಗಿದ್ದರೆ ಮೆತ್ತಗಾಗುವ ಹನಿ ಬರೆದುಕೊಟ್ಟು, ತೆಗೆಸಿದ ಮೇಲೆಯೇ ನೆನಪಿನ ಪರೀಕ್ಷೆ. ಐದು ಪದ ಹೇಳಿದಾಗ ಮೂರೇ ಕೇಳಿಸಿದವರು ಮೂರನ್ನೇ ಒಪ್ಪಿಸುತ್ತಾರೆ. ಅದಕ್ಕೆ ಮರೆವೆಂದು ಹೆಸರಿಟ್ಟರೆ ತಪ್ಪು ನಮ್ಮದು. ಓದುವ ಕನ್ನಡಕ ಮನೆಯಲ್ಲೇ ಬಿಟ್ಟು ಬಂದವರಿಗೂ ಚಿತ್ರ ತೋರಿಸುವ ಪರೀಕ್ಷೆ ಮಾಡುವುದಿಲ್ಲ.

ಆಮೇಲೆ ಮನೆಯವರೊಂದಿಗೆ ಪ್ರತ್ಯೇಕವಾಗಿ ಇಪ್ಪತ್ತು ನಿಮಿಷ. ‘ಮರೆವು ಇದೆಯಾ?’ ಎಂದು ಕೇಳಿದರೆ ಪ್ರಯೋಜನವಿಲ್ಲ, ‘ಅರವತ್ತಕ್ಕೆ ಅರಳು ಮರಳು, ವಯಸ್ಸಾಯಿತಲ್ಲ’ ಎನ್ನುತ್ತಾರೆ. ಆ ಗಾದೆಯೇ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷ ತಿಂದುಹಾಕಿದೆ. ನಾನು ಕೇಳುವ ಪ್ರಶ್ನೆ ಬೇರೆ: ಕಳೆದ ವರ್ಷ ಇವರು ಮಾಡುತ್ತಿದ್ದ ಯಾವ ಕೆಲಸ ಈಗ ನಿಮ್ಮ ಕೈಗೆ ಬಂದಿದೆ? ಪಿಂಚಣಿ ತರುವುದು, ಗ್ಯಾಸ್ ಬುಕ್ ಮಾಡುವುದು, ಮದುವೆ ಮುಯ್ಯಿಯ ಲೆಕ್ಕ, ಹಾಲಿನವನ ಲೆಕ್ಕ, ಮಾತ್ರೆ ತಾವೇ ತೆಗೆದುಕೊಳ್ಳುವುದು, ಹತ್ತು ಜನಕ್ಕೆ ಹುಳಿ ಮಾಡುವುದು. ಹುಳಿ ಒಳ್ಳೆಯ ಪರೀಕ್ಷೆ: ಬೇಳೆ ಬೇಯಿಸಿ, ಮಸಾಲೆ ಹುರಿದು ರುಬ್ಬಿ, ಹುಣಸೆ ಹಿಂಡಿ, ಉಪ್ಪು ಹಾಕಿದ್ದು ನೆನಪಿಟ್ಟು, ಒಗ್ಗರಣೆ ಕೊಡುವವರೆಗೆ ಎಲ್ಲವೂ ಕ್ರಮದಲ್ಲಿ ಆಗಬೇಕು. ಮನೆಯವರು ಸದ್ದಿಲ್ಲದೆ ಇಂಥ ಎರಡು ಮೂರು ಕೆಲಸ ವಹಿಸಿಕೊಂಡಿದ್ದರೆ ನಾನು ಎಚ್ಚರವಾಗುತ್ತೇನೆ. ಹೆಸರು ತಕ್ಷಣ ನಾಲಿಗೆಗೆ ಬಾರದೆ ಸ್ವಲ್ಪ ಹೊತ್ತಿಗೆ ಹೊಳೆಯುವುದು ವಯಸ್ಸಿನ ಸಹಜ. ಮೊನ್ನೆ ಹೋಗಿ ಊಟ ಮಾಡಿ ಬಂದ ಗೃಹಪ್ರವೇಶವನ್ನು ನೆನಪಿಸಿದಾಗಲೂ ‘ಯಾರದ್ದು? ನಾನು ಹೋಗಲೇ ಇಲ್ಲ’ ಎನ್ನುವುದು ಸಹಜವಲ್ಲ.

ನೆನಪಿನ ಪರೀಕ್ಷೆಯಲ್ಲಿ ಐದು ಪದ ಹೇಳಿ, ತಿರುಗಿ ಹೇಳಿಸಿ, ಐದು ನಿಮಿಷ ಬೇರೆ ಕೆಲಸ ಕೊಟ್ಟು ಮತ್ತೆ ಕೇಳುತ್ತೇನೆ. ಮರೆತ ಪದಕ್ಕೆ ಸುಳಿವು ಕೊಡುತ್ತೇನೆ: ‘ಒಂದು ಹೂವಿನ ಹೆಸರಿತ್ತು’. ಖಿನ್ನತೆಯಲ್ಲಿ, ರಕ್ತನಾಳದ ತೊಂದರೆಯಲ್ಲಿ ಸುಳಿವಿಗೆ ಪದ ಸಾಮಾನ್ಯವಾಗಿ ಮೇಲೆದ್ದು ಬರುತ್ತದೆ. ಆಲ್‌ಝೈಮರ್ಸ್‌ನಲ್ಲಿ ಸುಳಿವು ಕೊಟ್ಟರೂ ಬರುವುದು ಕಡಿಮೆ, ಏಕೆಂದರೆ ಹೊಸ ನೆನಪು ದಾಖಲಿಸುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ಅದನ್ನು ಬರೆದಿಟ್ಟುಕೊಂಡೇ ಇಲ್ಲ. ಗಡಿಯಾರ ಬರೆಸುವ ಪರೀಕ್ಷೆಯನ್ನು ಶಾಲೆ ಕಾಣದವರಿಗೆ ಕೊಡುವುದೇ ಇಲ್ಲ. ಪೆನ್ಸಿಲ್ ಹಿಡಿಯದ ಕೈ ಅಲ್ಲಿ ಸೋಲುವುದಕ್ಕೂ ಮಿದುಳಿಗೂ ಸಂಬಂಧವಿಲ್ಲ. ನಮ್ಮಲ್ಲಿನ ಓದು ಬರಹದ ಮಟ್ಟಕ್ಕೆ ಹೊಂದುವಂತೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಮನೆಮಾತು ತುಳು, ಕೊಂಕಣಿ, ಉರ್ದು ಆಗಿದ್ದರೆ ಆ ಭಾಷೆ ಬಲ್ಲವರಿಂದ ಕೇಳಿಸುತ್ತೇನೆ.

ಮಾತ್ರೆಗಳ ಚೀಲವನ್ನು ಟೇಬಲ್ ಮೇಲೆ ಸುರಿಸುವುದು ಕಡ್ಡಾಯ. ನೆಗಡಿಗೆ ತಂದ ಕ್ಲೋರ್‌ಫೆನಿರಮಿನ್, ಮೂತ್ರ ಪದೇ ಪದೇ ಬರುತ್ತದೆಂದು ಕೊಟ್ಟ ಆಕ್ಸಿಬ್ಯುಟಿನಿನ್, ನರನೋವಿಗೆ ಅಮಿಟ್ರಿಪ್ಟಿಲಿನ್, ಕೈ ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್: ಇವೆಲ್ಲ ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನೇ ಅಡ್ಡಗಟ್ಟುತ್ತವೆ. ನಿದ್ದೆಗೆಂದು ವರ್ಷಗಟ್ಟಲೆ ನುಂಗಿದ ಆಲ್ಪ್ರಜೋಲಾಮ್ ಕೂಡ ಮಂಕು ಕವಿಸುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸಬಾರದು, ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ದಿಢೀರ್ ನಿಲ್ಲಿಸಿದರೆ ನಿದ್ದೆಯೂ ಹೋಗಿ, ಚಡಪಡಿಕೆ ಬಂದು, ಕೆಲವರಿಗೆ ಫಿಟ್ಸ್ ಬರುತ್ತದೆ.

ಮರೆವಿಗೆ ಬೇರೆ ಕಾರಣವಿದೆಯೇ ಎಂದು ರಕ್ತದಲ್ಲಿ ನೋಡುವುದು ಬಿ12, ಥೈರಾಯ್ಡಿನ ಟಿಎಸ್‌ಎಚ್, ಸೋಡಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ. ಬಿ12 ಪ್ರತಿ ಮಿಲಿಲೀಟರಿಗೆ 200 ಪಿಕೊಗ್ರಾಂ ಕೆಳಗಿದ್ದರೆ ಕೊರತೆ ಖಚಿತ. 200ರಿಂದ 300ರ ನಡುವೆ ಇದ್ದರೆ, ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಸಹ ನೋಡುತ್ತೇನೆ. ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಶುಗರ್‌ನವರಲ್ಲಿ, ದಿನಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ಲಿ ಇದು ಕುಸಿಯುತ್ತದೆ. ಮೂರೂ ಒಬ್ಬರಲ್ಲೇ ಇರುವುದು ನಮ್ಮ ಕಡೆ ತೀರಾ ಸಾಮಾನ್ಯ. ಇಲ್ಲಿ ಒಂದು ತಪ್ಪು ನಡೆಯುತ್ತದೆ: ವಾರದ ಹಿಂದೆ ಯಾರೋ ಬಿ12 ಇಂಜೆಕ್ಷನ್ ಕೊಟ್ಟಿರುತ್ತಾರೆ, ವರದಿ 900 ಎಂದು ಬರುತ್ತದೆ, ಕೊರತೆ ಇರಲಿಲ್ಲ ಎಂದು ಕೈಬಿಡುತ್ತಾರೆ. ರಕ್ತ ಮೊದಲು, ಇಂಜೆಕ್ಷನ್ ಆಮೇಲೆ. ತಲೆಯ ಸ್ಕ್ಯಾನ್ ಒಂದು ಸಲ ಬೇಕು; ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದದ್ದರಿಂದ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಶಸ್ತ್ರಚಿಕಿತ್ಸೆಯಿಂದ ಸರಿಯಾಗುವಂಥದ್ದು.

ಈಗ ಪಕ್ಕದ ಕುರ್ಚಿ. ಅವರ ಮೊದಲ ಪ್ರಶ್ನೆ ‘ನನಗೂ ಬರುತ್ತಾ ಡಾಕ್ಟ್ರೇ?’ ತಂದೆ ತಾಯಿಗೆ 65ರ ನಂತರ ಬಂದಿದ್ದರೆ ಮಕ್ಕಳಿಗೆ ಅಪಾಯ ಸ್ವಲ್ಪ ಹೆಚ್ಚು, ಬಂದೇ ಬರುತ್ತದೆ ಎಂದಲ್ಲ. ಕುಟುಂಬದಲ್ಲಿ ನೇರವಾಗಿ ಇಳಿದು ಬರುವ, ನಲವತ್ತು ಐವತ್ತಕ್ಕೇ ಕಾಣುವ ಬಗೆ ನೂರರಲ್ಲಿ ಒಂದಕ್ಕಿಂತ ಕಡಿಮೆ. ಎಪಿಒಇ4 ಜೀನ್ ಒಂದು ಪ್ರತಿ ಇದ್ದರೆ ಅಪಾಯ ಏರುತ್ತದೆ, ಎರಡಿದ್ದರೆ ಮತ್ತೂ ಹೆಚ್ಚು. ಆದರೆ ಅದು ಇದ್ದವರಿಗೂ ಇಲ್ಲದವರಿಗೂ ನಾನು ಬರೆದುಕೊಡುವ ಚೀಟಿ ಒಂದೇ ಆದ್ದರಿಂದ, ಕುತೂಹಲಕ್ಕೆ ಆ ಪರೀಕ್ಷೆ ಮಾಡಿಸುವುದಿಲ್ಲ.

ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ನೇಮಿಸಿದ ತಜ್ಞರ ಆಯೋಗ 2024ರಲ್ಲಿ ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಎಲ್ಲವನ್ನೂ ಪೂರ್ತಿ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾ (ಆಲ್‌ಝೈಮರ್ಸ್ ಸೇರಿದಂತೆ ನೆನಪು, ಅರಿವು ಕುಂದುವ ಕಾಯಿಲೆಗಳು) ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಇದು ಇಡೀ ಜನಸಮುದಾಯದ ಲೆಕ್ಕ. ‘ನಾನು ಎಲ್ಲ ಪಾಲಿಸಿದರೆ ನನ್ನ ಅಪಾಯ ಶೇ 45 ಇಳಿಯುತ್ತದೆ’ ಎಂದು ಓದಿಕೊಳ್ಳಬಾರದು. ಆ ಪಟ್ಟಿಯಲ್ಲಿ ನಡುವಯಸ್ಸಿನ ಅತಿ ದೊಡ್ಡ ಪಾಲು ಎರಡರದು, ತಲಾ ಶೇ 7: ಕಿವುಡುತನ ಮತ್ತು ‘ಕೆಟ್ಟ’ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್. ಪದಬಂಧ, ಬಾದಾಮಿ ಎರಡೂ ಅದರಲ್ಲಿಲ್ಲ.

ನಾನು ಬಿಪಿಯಿಂದ ಶುರುಮಾಡುತ್ತೇನೆ. ನಲವತ್ತು ದಾಟಿದವರಿಗೆ ಮೇಲಿನ ಅಂಕಿ 130ರೊಳಗಿರಬೇಕು. ಕ್ಲಿನಿಕ್ಕಿನ ಒಂದು ಅಳತೆಯನ್ನು ನಂಬದೆ ಮನೆಯಲ್ಲಿ ಏಳು ದಿನ ಅಳೆಸುತ್ತೇನೆ. ತೋಳಿಗೆ ಕಟ್ಟುವ ಯಂತ್ರ, ಮಣಿಕಟ್ಟಿನದು ಬೇಡ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಮಟ್ಟಕ್ಕೆ ಮೇಜಿನ ಮೇಲೆ. ಐದು ನಿಮಿಷ ಸುಮ್ಮನೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೊದಲ ದಿನದ್ದು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಇದ್ದಂತೆ ಕಾಣುತ್ತದೆ. ಸೀರೆಯ ರವಿಕೆಯ ಬಿಗಿ ತೋಳನ್ನು ಮೇಲಕ್ಕೆ ಮಡಚಿದರೂ ಅಳತೆ ಕೆಡುತ್ತದೆ. 2019ರಲ್ಲಿ ಪ್ರಕಟವಾದ ಅಮೆರಿಕದ ಸ್ಪ್ರಿಂಟ್ ಮೈಂಡ್ ಪ್ರಯೋಗದಲ್ಲಿ ಮೇಲಿನ ಅಂಕಿಯನ್ನು 140ರ ಬದಲು 120ರ ಕೆಳಗೆ ಇಳಿಸುವ ಗುರಿ ಇಟ್ಟವರಲ್ಲಿ ಅಲ್ಪ ಪ್ರಮಾಣದ ಅರಿವಿನ ಕುಂದು ಸುಮಾರು ಶೇ 19 ಕಡಿಮೆಯಿತ್ತು. ಪೂರ್ಣ ಡಿಮೆನ್ಷಿಯಾ ಕೂಡ ಕಡಿಮೆ ಕಂಡರೂ ಸಂಖ್ಯಾಶಾಸ್ತ್ರ ಒಪ್ಪುವಷ್ಟು ಅಂತರ ಬರಲಿಲ್ಲ. ಹಿರಿಯರಲ್ಲಿ ಮಾತ್ರ ಇಷ್ಟು ಬಿಗಿ ಮಾಡುವ ಮುನ್ನ ಎಬ್ಬಿಸಿ ನಿಲ್ಲಿಸಿ ಒಂದು ಮತ್ತು ಮೂರು ನಿಮಿಷಕ್ಕೆ ಅಳೆಯುತ್ತೇನೆ. 20ರಷ್ಟು ಇಳಿದರೆ ಬೀಳುವ ಭಯ.

ಉಪ್ಪಿಗೆ ಒಂದು ಮನೆಲೆಕ್ಕ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಎಂದರೆ ನಾಲ್ಕು ಜನರ ಮನೆಗೆ ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಮೂರು ವಾರಕ್ಕೆ ಮುಗಿದರೆ ಒಬ್ಬೊಬ್ಬರ ಪಾಲು ಸುಮಾರು 12 ಗ್ರಾಂ, ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಖಾರದ ಮಿಕ್ಸ್ಚರ್ ಇದರ ಮೇಲಿನ ಲೆಕ್ಕ. ‘ನಾವು ಉಪ್ಪು ಕಡಿಮೆ ತಿನ್ನೋದು’ ಎಂಬ ಮಾತಿಗಿಂತ ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೆ ಬರೆದಿಡುವುದು ಮೇಲು.

ಕಿವಿಗೆ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಶ್ರವಣ ಯಂತ್ರ ಕೊಂಡ ಮೇಲೆಯೇ ಕೆಲಸ ಕೆಡುವುದು. ಟಿವಿ ಸದ್ದು ಜಾಸ್ತಿ ಇಡುವವರಿಗೆ, ಮದುವೆ ಛತ್ರದ ಗದ್ದಲದಲ್ಲಿ ಮಾತು ತಿಳಿಯದವರಿಗೆ ಆಡಿಯೋಮೆಟ್ರಿ ಎಂಬ ಕಿವಿಯ ಪರೀಕ್ಷೆ ಮಾಡಿಸುತ್ತೇನೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯಿಂದ ಯಂತ್ರ ಹೊಂದಿಸುವವರೆಗೆ ಎಲ್ಲ ಒಂದೇ ಕಡೆ ಆಗುತ್ತದೆ. ಯಂತ್ರ ಬಂದ ಮೊದಲ ವಾರ ನಿಶ್ಶಬ್ದ ಕೋಣೆಯಲ್ಲಿ ಒಬ್ಬರೊಡನೆ ಮಾತು, ದಿನಕ್ಕೆ ಒಂದೆರಡು ಗಂಟೆ. ಎರಡನೆಯ ವಾರ ಮೂರ್ನಾಲ್ಕು ಗಂಟೆ, ಟಿವಿ ವಾರ್ತೆ. ಬಸ್ ನಿಲ್ದಾಣ, ಛತ್ರ ಕೊನೆಗೆ. ಮೊದಲ ದಿನವೇ ಮದುವೆಗೆ ಹಾಕಿಕೊಂಡು ಹೋದವರು ಪಾತ್ರೆಯ ಸದ್ದು, ವಾಲಗದ ಸದ್ದು ತಲೆಗೆ ಹೊಡೆದು ಡಬ್ಬಿಗೆ ಹಾಕಿಡುತ್ತಾರೆ, ಮತ್ತೆ ತೆಗೆಯುವುದಿಲ್ಲ. ಗುಂಡಿ ಬ್ಯಾಟರಿಯ ಸ್ಟಿಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟೇ ಒಳಗೆ ಹಾಕಬೇಕು, ಅದು ಗಾಳಿಯಿಂದ ನಡೆಯುವ ಬ್ಯಾಟರಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಾತ್ರಿ ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿ ಇಡದಿದ್ದರೆ ತೇವ ಕುಡಿದು ಸದ್ದು ಕಟ್ಟುತ್ತದೆ. ಪ್ರಯೋಜನದ ಬಗ್ಗೆ ಹೇಳುವುದಾದರೆ, 2023ರ ಅಚೀವ್ ಪ್ರಯೋಗದಲ್ಲಿ 70ರಿಂದ 84 ವರ್ಷದ 977 ಮಂದಿಯನ್ನು ಮೂರು ವರ್ಷ ನೋಡಿದಾಗ ಯಂತ್ರ ಪಡೆದವರಿಗೂ ಪಡೆಯದವರಿಗೂ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಅರಿವು ಕುಂದುವ ವೇಗ ಶೇ 48 ತಗ್ಗಿತು. ಕಣ್ಣಿನ ಪೊರೆ ಇದ್ದರೆ ಮುಂದೂಡದೆ ತೆಗೆಸುವುದೂ ಇದೇ ಸಾಲಿನ ಸಲಹೆ.

ಎಲ್‌ಡಿಎಲ್ ಏರಿದ್ದರೆ ಸ್ಟಾಟಿನ್ ಕೊಡುತ್ತೇನೆ. ‘ಆ ಮಾತ್ರೆಯಿಂದಲೇ ಮರೆವು ಬರುತ್ತಂತೆ’ ಎಂಬ ವಾಟ್ಸ್ಆ್ಯಪ್ ಮಾತಿಗೆ ದೊಡ್ಡ ಪ್ರಯೋಗಗಳಲ್ಲಿ ಆಧಾರ ಸಿಕ್ಕಿಲ್ಲ. ಶುಗರ್‌ನಲ್ಲಿ ನಡುವಯಸ್ಸಿನವರಿಗೆ ಬಿಗಿ ಹಿಡಿತ, ಎಂಬತ್ತರವರಿಗೆ ಸಡಿಲ. ಅವರಿಗೆ ಶುಗರ್ ಕುಸಿದು ತಲೆ ಸುತ್ತಿ ಬೀಳುವುದೇ ಹೆಚ್ಚು ಕೇಡು. ತಂಬಾಕು ಬಿಡಬೇಕು, ಕುಡಿತ ಇಳಿಸಬೇಕು, ಸ್ಕೂಟರ್‌ನಲ್ಲಿ ಹಿಂದೆ ಕೂರುವವರಿಗೂ ಐಎಸ್‌ಐ ಹೆಲ್ಮೆಟ್ ಬೇಕು. ಜೋರು ಗೊರಕೆಯ ನಡುವೆ ಉಸಿರು ನಿಲ್ಲುತ್ತದೆ ಎಂದು ಮನೆಯವರು ಹೇಳಿದರೆ ನಿದ್ದೆಯ ಪರೀಕ್ಷೆ.

ನಡಿಗೆ ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು ಆದರೆ ಹಾಡಲು ಆಗಬಾರದು, ಅಷ್ಟು ವೇಗ. ಹರಟೆಯ ವಾಕಿಂಗ್ ಅಲ್ಲಿಗೆ ಮುಟ್ಟುವುದಿಲ್ಲ. ಜೊತೆಗೆ ವಾರಕ್ಕೆರಡು ದಿನ ಕೈ ಊರದೆ ಕುರ್ಚಿಯಿಂದ ಏಳುವುದು, ಹತ್ತು ಸಲದಂತೆ ಮೂರು ಸುತ್ತು. ಫಿನ್ಲೆಂಡಿನ ಫಿಂಗರ್ ಪ್ರಯೋಗ 60ರಿಂದ 77 ವರ್ಷದ 1260 ಮಂದಿಗೆ ಊಟ, ವ್ಯಾಯಾಮ, ಮಿದುಳಿನ ಕಸರತ್ತು, ಬಿಪಿ ಶುಗರ್ ಉಸ್ತುವಾರಿ ಎಲ್ಲವನ್ನೂ ಎರಡು ವರ್ಷ ಒಟ್ಟಿಗೆ ಕೊಟ್ಟು ಅರಿವಿನಲ್ಲಿ ಸುಧಾರಣೆ ತೋರಿಸಿತು. ಒಟ್ಟಿಗೆ ಎಂಬುದು ಅಲ್ಲಿ ಮುಖ್ಯ. ಭಾಷೆಯದೂ ಒಂದು ಪಾಲಿದೆ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದಂತೆ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು, ಓದು ಬಾರದವರಲ್ಲೂ. ಗಡಿನಾಡಿನ ಸಂತೆಯಲ್ಲಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡುವ ಅಜ್ಜಿಯರಿಗೆ ಇದನ್ನು ಹೇಳಿದರೆ ನಗುತ್ತಾರೆ.

ಒಂದೆಲಗದ ತಂಬುಳಿ ಬಗ್ಗೆ ಕೇಳದ ಮನೆಯಿಲ್ಲ. ಉಣ್ಣಿ, ರುಚಿ ಚೆನ್ನ. ಆಲ್‌ಝೈಮರ್ಸ್ ತಡೆಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆಯನ್ನು ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹಿರಿಯರಿಗೆ 120 ಮಿಲಿಗ್ರಾಂನಂತೆ ದಿನಕ್ಕೆರಡು ಕೊಟ್ಟು ನೋಡಿ, ಡಿಮೆನ್ಷಿಯಾ ಕಡಿಮೆಯಾಗಲಿಲ್ಲ ಎಂದು 2008ರಲ್ಲೇ ವರದಿಯಾಗಿದೆ. ಆ ದುಡ್ಡಿಗೆ ಬಿಪಿ ಯಂತ್ರ ಬರುತ್ತದೆ ಎನ್ನುತ್ತೇನೆ.

ಮಗಳ ಚೀಟಿಯಲ್ಲಿ ಕೊನೆಗೆ ಉಳಿಯುವುದು ಕೆಲವೇ ಸಾಲು: ಏಳು ದಿನದ ಬಿಪಿ ಪಟ್ಟಿಯೊಂದಿಗೆ ಎರಡು ವಾರಕ್ಕೆ ಬರುವುದು, ಎಲ್‌ಡಿಎಲ್ ಮತ್ತು ಎಚ್‌ಬಿಎ1ಸಿ ಈ ತಿಂಗಳೊಳಗೆ, ಕಿವಿಯ ಪರೀಕ್ಷೆ ಒಮ್ಮೆ. ಅಮ್ಮನ ಮುಂದಿನ ತಾರೀಖೂ ಅದೇ ದಿನಕ್ಕೆ ಹಾಕುತ್ತೇನೆ. ಬೇರೆ ದಿನ ಹಾಕಿದರೆ ಅಮ್ಮ ಬರುತ್ತಾರೆ, ಮಗಳ ಚೀಟಿ ವ್ಯಾನಿಟಿ ಬ್ಯಾಗಿನಲ್ಲೇ ಉಳಿಯುತ್ತದೆ.