ಗೇಮ್ ಸ್ಟುಡಿಯೋ ಕೆಲಸ: ಸೇರುವ ಮುನ್ನ ಏನು ನೋಡಬೇಕು, ಸೇರಿದ ಮೇಲೆ ಏನು ಮಾಡಬೇಕು?

ಗೇಮ್ ಮಾಡುವ ಕೆಲಸವೇ ಬೇಕು ಎಂದು ಹಟ ಹಿಡಿದಿದ್ದೀರಾ? ಆ ಆಸೆ ತಪ್ಪಲ್ಲ. ಆದರೆ ಈ ಉದ್ಯಮದಲ್ಲಿ ಚೆನ್ನಾಗಿ ದುಡಿದವರ ಕೆಲಸವೂ ಹೋಗುತ್ತದೆ. ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಆಕ್ಟಿವಿಷನ್ ಬ್ಲಿಜರ್ಡ್ ಎಂಬ ಗೇಮ್ ಕಂಪನಿಯನ್ನು ಸುಮಾರು 69 ಬಿಲಿಯನ್ ಡಾಲರ್‌ಗೆ ಕೊಂಡಿತು. 2024ರ ಜನವರಿಯಲ್ಲೇ ಗೇಮಿಂಗ್ ವಿಭಾಗದ 1,900 ಜನರನ್ನು ತೆಗೆಯಿತು. ಮರು ತಿಂಗಳು ಸೋನಿ ತನ್ನ ಪ್ಲೇಸ್ಟೇಷನ್ ವಿಭಾಗದಿಂದ ಸುಮಾರು 900 ಜನರನ್ನು ಕಳಿಸಿತು. ಬೆಂಗಳೂರಿಗೂ ಈ ಬಿಸಿ ತಟ್ಟಿದೆ. ಫ್ರಾನ್ಸ್ ಮೂಲದ ಗ್ರಾಫಿಕ್ಸ್ ಕಂಪನಿ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಕುಸಿದಾಗ ಇಲ್ಲಿನ ಕಚೇರಿಯೂ ಬಾಗಿಲು ಹಾಕಿತು. ಅನಿಮೇಷನ್, ವಿಎಫ್‌ಎಕ್ಸ್ (ಸಿನಿಮಾದ ಗ್ರಾಫಿಕ್ಸ್), ಗೇಮ್ ಆರ್ಟ್ ಮಾಡುತ್ತಿದ್ದವರು ಒಟ್ಟೊಟ್ಟಿಗೆ ಬೀದಿಗೆ ಬಿದ್ದರು.

ಹಾಗಾಗಿ ಕಂಪನಿಯ ಹೆಸರು ನೋಡಿ ಮರುಳಾಗಬೇಡಿ. ಕಂಪನಿ ಮುಚ್ಚಿದರೂ ನಿಮ್ಮ ಜೊತೆ ಬರುವ ಕಸುಬು ಯಾವುದು ಅಂತ ನೋಡಿ.

ಮೊದಲು ಜಾಹೀರಾತನ್ನು ಸರಿಯಾಗಿ ಓದಿ

‘ಗೇಮಿಂಗ್ ಕಂಪನಿ’ ಅಂದರೆ ಎಲ್ಲವೂ ಒಂದೇ ಅಲ್ಲ. ಕೆಲವರು ಸ್ವಂತ ಗೇಮ್ ಮಾಡುತ್ತಾರೆ. ಬೆಂಗಳೂರು, ಪುಣೆ, ಹೈದರಾಬಾದ್‌ಗಳಲ್ಲಿ ಹೊರದೇಶದ ಸ್ಟುಡಿಯೋಗಳಿಗೆ ಆರ್ಟ್, ಟೆಸ್ಟಿಂಗ್, ಕೋಡ್ ಮಾಡಿಕೊಡುವವರು ಬಹಳ. ಇನ್ನು ಹಣ ಕಟ್ಟಿ ಆಡಿಸುವ ಆ್ಯಪ್‌ಗಳದ್ದು ಬೇರೆಯೇ ಕಥೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಅವನ್ನು ನಿಷೇಧಿಸಿತು, ಆ ಕಂಪನಿಗಳಲ್ಲಿ ನೂರಾರು ಜನರ ಕೆಲಸ ಹೋಯಿತು. ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಸಂದರ್ಶನದಲ್ಲೇ ಕೇಳಿ. ಎಷ್ಟು ಕ್ಲೈಂಟ್‌ಗಳಿದ್ದಾರೆ? ಒಬ್ಬರೇ ಆದರೆ ಅವರು ಕೈಬಿಟ್ಟ ದಿನ ಏನು? ನನ್ನದು ಕಾಯಂ ಹುದ್ದೆಯೋ ಪ್ರಾಜೆಕ್ಟ್ ಮುಗಿಯುವವರೆಗಿನ ಕಾಂಟ್ರ್ಯಾಕ್ಟೋ? ಇಂಥ ಪ್ರಶ್ನೆಗೆ ಸಿಟ್ಟಾಗುವ ಕಂಪನಿಗೆ ಸೇರದಿದ್ದರೇ ಒಳ್ಳೆಯದು.

ಕಸುಬು ಆರಿಸುವಾಗ

ಸಿ++ ಎಂಬ ಕೋಡಿಂಗ್ ಭಾಷೆ ಬಲ್ಲ ಪ್ರೋಗ್ರಾಮರ್‌ಗೆ ಗೇಮ್ ಬಿಟ್ಟರೂ ದಾರಿಯಿದೆ. ತ್ರೀಡಿ ಆರ್ಟಿಸ್ಟ್‌ಗೆ ಜಾಹೀರಾತು, ಕಾರಿನ ಡಿಸೈನ್, ಕಟ್ಟಡದ ಮಾದರಿ, ವೈದ್ಯಕೀಯ ತರಬೇತಿಯ ಸಿಮ್ಯುಲೇಷನ್ ಕಡೆ ಕೆಲಸ ಸಿಗುತ್ತದೆ. ಬರೀ ಗೇಮ್ ಡಿಸೈನರ್ (ಆಟದ ನಿಯಮ, ಹಂತಗಳನ್ನು ರೂಪಿಸುವವರು) ಆಗಿದ್ದರೆ ಹೊರಗೆ ಕೆಲಸ ಸಿಗುವುದು ಕಷ್ಟ, ಅಂಥವರು ಒಂದಿಷ್ಟು ಸ್ಕ್ರಿಪ್ಟಿಂಗನ್ನಾದರೂ (ಚಿಕ್ಕ ಕೋಡ್ ಬರೆಯುವುದನ್ನು) ಕಲಿತಿರಬೇಕು.

ಒಂದೇ ಎಂಜಿನ್‌ಗೆ, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್‌ಗೆ, ಜೋತು ಬೀಳಬೇಡಿ. ಗೇಮ್ ಇನ್‌ಸ್ಟಾಲ್ ಆದಷ್ಟೂ ಶುಲ್ಕ ಎಂದು ಯೂನಿಟಿ ಎಂಜಿನ್‌ನ ಕಂಪನಿ 2023ರ ಸೆಪ್ಟೆಂಬರ್‌ನಲ್ಲಿ ಹೇಳಿದಾಗ ಸಣ್ಣ ಸ್ಟುಡಿಯೋಗಳು ಕಂಗಾಲಾದವು. ಮುಂದಿನ ವರ್ಷ ಕಂಪನಿ ಅದನ್ನು ಕೈಬಿಟ್ಟಿತು, ಆದರೆ ಅಷ್ಟರಲ್ಲಿ ಎಷ್ಟೋ ಜನ ಬೇರೆ ಎಂಜಿನ್ ಹುಡುಕಿಕೊಂಡಿದ್ದರು. ಗೊಡೋ ಎಂಬ ಎಂಜಿನ್, ತ್ರೀಡಿ ಮಾದರಿ ಮಾಡುವ ಬ್ಲೆಂಡರ್ ಎರಡೂ ಉಚಿತ. ಲಕ್ಷಗಟ್ಟಲೆ ಸಾಲ ಮಾಡಿ ಕೋರ್ಸ್ ಸೇರುವ ಮುನ್ನ ಇವುಗಳಲ್ಲಿ ಕೈಯಾಡಿಸಿ ನೋಡಿ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎನ್ನುವ ಸಂಸ್ಥೆಯಲ್ಲಿ ಕಳೆದ ಬ್ಯಾಚಿನವರ ಜೊತೆ ಮಾತಾಡಿಸಿ ಎಂದು ಕೇಳಿ. ಮಾತಾಡಿಸದಿದ್ದರೆ ಎದ್ದು ಬನ್ನಿ.

ಪೋರ್ಟ್‌ಫೋಲಿಯೋ ನಿಮ್ಮ ಕೈಯಲ್ಲಿರಲಿ

ಎಲ್ಲಕ್ಕಿಂತ ಮುಖ್ಯ ಇದೇ: ಕೆಲಸ ಕೇಳುವಾಗ ತೋರಿಸುವ ನಿಮ್ಮ ಕೆಲಸಗಳ ಸಂಗ್ರಹ. ಸ್ಟುಡಿಯೋದಲ್ಲಿ ಮಾಡಿದ ಕೆಲಸ ನಿಮ್ಮದಲ್ಲ. ಎನ್‌ಡಿಎಗೆ (ಗುಟ್ಟು ಕಾಯುವ ಕರಾರಿಗೆ) ಸಹಿ ಹಾಕಿರುತ್ತೀರಿ, ಗೇಮ್ ಬಿಡುಗಡೆಯಾಗುವವರೆಗೆ ಒಂದು ಚಿತ್ರವನ್ನೂ ತೋರಿಸುವಂತಿಲ್ಲ. ಗೇಮ್ ರದ್ದಾದರೆ? ವರ್ಷಗಟ್ಟಲೆ ದುಡಿದೂ ತೋರಿಸಲು ಏನೂ ಇರುವುದಿಲ್ಲ. ಇದು ನಿಜಕ್ಕೂ ಅನ್ಯಾಯ. ಆದರೆ ಹೆಚ್ಚಿನ ಕಡೆ ನಿಯಮ ಹೀಗೇ ಇದೆ.

ಅದಕ್ಕೇ ಬಿಡುವಿನಲ್ಲಿ ಸ್ವಂತದ್ದೊಂದು ಕೆಲಸ ನಡೆಯುತ್ತಿರಲಿ. ಸ್ವಂತ ಕೆಲಸದ ಬಗ್ಗೆ ಕರಾರಿನಲ್ಲಿ ಏನಿದೆ ಅಂತ ಮೊದಲೇ ಓದಿಕೊಳ್ಳಿ, ಕಂಪನಿಯ ಲ್ಯಾಪ್‌ಟಾಪ್ ಮುಟ್ಟಬೇಡಿ. ದೊಡ್ಡದೇನೂ ಬೇಡ. ಆರ್ಟಿಸ್ಟ್ ಆದರೆ ನಿಮ್ಮೂರ ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ತ್ರೀಡಿ ಮಾದರಿ ಸಾಕು. ಮಸಿ ಹಿಡಿದ ಪಾತ್ರೆ, ತಗಡಿನ ಮಾಡಿಗೆ ಹಿಡಿದ ತುಕ್ಕು, ಬೆಂಚಿನ ಅಂಚು ಸವೆದಿರುವ ರೀತಿ ಎಲ್ಲ ನೋಡಿಕೊಂಡು ಮಾಡಿ. ಎಂಜಿನ್ ಒಳಗೆ ಬೆಳಕು ಹಾಕಿದ ಚಿತ್ರದ ಪಕ್ಕದಲ್ಲೇ ವೈರ್‌ಫ್ರೇಮ್ (ಮಾದರಿಯ ಗೆರೆಗಳ ಬಲೆ), ಯುವಿ (ಮೇಲ್ಮೈಯನ್ನು ಬಿಡಿಸಿ ಹಾಸಿದ ನಕ್ಷೆ), ಟೆಕ್ಸ್‌ಚರ್ (ಮೇಲ್ಮೈಗೆ ಹಚ್ಚುವ ಚಿತ್ರ) ಇಡಿ. ಎಷ್ಟು ಪಾಲಿಗಾನ್ (ಮಾದರಿ ಕಟ್ಟುವ ಪುಟ್ಟ ಮುಖಗಳು) ಬಳಸಿದ್ದೀರಿ, ಯಾವುದನ್ನು ಬೇರೆ ಕಡೆಯಿಂದ ತಂದಿದ್ದೀರಿ ಎಂಬುದನ್ನೂ ಬರೆಯಿರಿ. ನೇಮಕ ಮಾಡುವವರು ಬಂದೂಕು, ಸ್ಪೇಸ್‌ಶಿಪ್ ಬೇಕಾದಷ್ಟು ನೋಡಿರುತ್ತಾರೆ. ಕಣ್ಣಾರೆ ಕಂಡು ಮಾಡಿದ ಟೀ ಅಂಗಡಿ ಅವರ ಮನಸ್ಸಲ್ಲಿ ಉಳಿಯುತ್ತದೆ. ಪ್ರೋಗ್ರಾಮರ್ ಆದರೆ ಬ್ರೌಸರ್‌ನಲ್ಲೇ ಆಡಬಹುದಾದ ಪುಟ್ಟ ಗೇಮನ್ನು ಇಚ್.ಐಓ ಎಂಬ ಗೇಮ್ ತಾಣದಲ್ಲಿ, ಕೋಡನ್ನು ಗಿಟ್‌ಹಬ್ ಎಂಬ ಕೋಡ್ ತಾಣದಲ್ಲಿ ಹಾಕಿ.

ಸ್ಟುಡಿಯೋದಲ್ಲಿ ಮಾಡಿದ್ದನ್ನು ಎಂದಿನಿಂದ ತೋರಿಸಬಹುದು ಎಂದು ಲೀಡ್‌ಗೆ (ತಂಡದ ಮುಖ್ಯಸ್ಥರಿಗೆ) ಇಮೇಲ್‌ನಲ್ಲೇ ಕೇಳಿ. ಬಾಯಿಮಾತಿನ ಒಪ್ಪಿಗೆ ಮೇಲೆ ನಂಬಿಕೆ ಇಡಬೇಡಿ.

ದುಡ್ಡು, ಕಾಗದಪತ್ರ

ಕನಿಷ್ಠ ಆರು ತಿಂಗಳ ಮನೆ ಖರ್ಚು ಕೈಯಲ್ಲಿರುವವರೆಗೆ ದೊಡ್ಡ ಇಎಂಐ ಬೇಡ. ಕಂಪನಿ ಕೊಡುವ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಅಪ್ಪ ಅಮ್ಮ ಅದರಲ್ಲೇ ಇದ್ದರೆ ಅವರಿಗೆ ಬೇರೆ ಪಾಲಿಸಿ ಮಾಡಿಸಿ. ಪೇಸ್ಲಿಪ್, ಆಫರ್ ಲೆಟರ್, ಪಿಎಫ್‌ನ ಯುಎಎನ್ ನಂಬರ್ ಇವೆಲ್ಲ ಸ್ವಂತ ಇಮೇಲ್‌ನಲ್ಲಿರಲಿ. ಕೆಲಸ ಹೋದ ದಿನ ಆಫೀಸ್ ಇಮೇಲ್ ತೆರೆಯದೇ ಹೋಗಬಹುದು.

ಎಚ್‌ಆರ್ ಕರೆದರೆ

‘ನೀವೇ ರಾಜೀನಾಮೆ ಕೊಟ್ಟುಬಿಡಿ, ನಿಮಗೇ ಒಳ್ಳೆಯದು’ ಎನ್ನಬಹುದು. ಅಲ್ಲೇ ಸಹಿ ಹಾಕಬೇಡಿ. ಓದಲು ಸಮಯ ಕೇಳಿ. ನೋಟಿಸ್ ಅವಧಿಯ ಸಂಬಳ, ಉಳಿದ ರಜೆಯ ಹಣ, ಕಾಯಂ ಹುದ್ದೆಯಲ್ಲಿ 5 ವರ್ಷ ತುಂಬಿದ್ದರೆ ಗ್ರಾಚ್ಯುಯಿಟಿ, ಅನುಭವ ಪತ್ರ ಎಲ್ಲವೂ ಬರಹದಲ್ಲಿ ಬರಲಿ. ಗೇಮ್ ಮುಂದೆ ಬಿಡುಗಡೆಯಾದಾಗ ಕ್ರೆಡಿಟ್ಸ್‌ನಲ್ಲಿ ನಿಮ್ಮ ಹೆಸರು ಇರುತ್ತದೆಯೇ ಎಂದೂ ಕೇಳಿ. ಮಧ್ಯದಲ್ಲೇ ಬಿಟ್ಟವರ ಹೆಸರನ್ನು ಸುಮ್ನೆ ಕೈಬಿಡುವ ಕಂಪನಿಗಳಿವೆ. ಮುಂದಿನ ಕೆಲಸ ಹುಡುಕುವಾಗ ಆ ಒಂದು ಸಾಲು ಬೇಕೇ ಬೇಕು.