ನಕ್ಷತ್ರ ಕಂಡ ಮಾತ್ರಕ್ಕೆ ತೀರ್ಪು ಬೇಡ: ಹಳೆಯ ರಿವಾಲ್ವರಿನ ದುರಸ್ತಿ ಮುದ್ರೆ ಓದುವ ಬಗೆ

ಹಳೆಯ ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರಿನ ಹಿಡಿಯ ತಳದಲ್ಲಿ, ಸೀರಿಯಲ್ ನಂಬರಿನ ಪಕ್ಕ, ಐದು ಮೂಲೆಯ ಪುಟ್ಟ ನಕ್ಷತ್ರ ಕಂಡಿತು ಅಂದುಕೊಳ್ಳಿ. ಒಬ್ಬ ಸಂಗ್ರಾಹಕರು ‘ಓ, ಮರುಬಣ್ಣ ಕಂಡದ್ದು’ ಎಂದು ಕೆಳಗಿಡುತ್ತಾರೆ. ಇನ್ನೊಬ್ಬರು ‘ಕಾರ್ಖಾನೆಯದೇ ಕೆಲಸ, ಚಿಂತೆಯಿಲ್ಲ’ ಎಂದು ಕೊಂಡುಬಿಡುತ್ತಾರೆ. ಇಬ್ಬರದೂ ಅವಸರವೇ. ಒಮ್ಮೆ ಹೊರಗೆ ಹೋದ ರಿವಾಲ್ವರ್ ಮತ್ತೆ ಕಾರ್ಖಾನೆಯ ಬಾಗಿಲು ತುಳಿದಿತ್ತು ಎಂಬುದಷ್ಟನ್ನೇ ನಕ್ಷತ್ರ ಹೇಳುತ್ತದೆ. ಬಂದದ್ದು ಸ್ಪ್ರಿಂಗ್ ಬದಲಿಸಲಿಕ್ಕೋ, ಹೊಸ ಬ್ಯಾರೆಲ್ ಹಾಕಿಸಲಿಕ್ಕೋ, ಮೈಯೆಲ್ಲ ಉಜ್ಜಿ ಹೊಸದಾಗಿ ನೀಲಿ (ಉಕ್ಕಿನ ಮೇಲಿನ ನೀಲಿ-ಕಪ್ಪು ಪೊರೆ) ಹಿಡಿಸಲಿಕ್ಕೋ ಎಂಬುದನ್ನು ಉಳಿದ ಮುದ್ರೆಗಳಿಂದ, ಲೋಹದಿಂದ ತಿಳಿಯಬೇಕು.

ಶುರುವಿಗೆ ಮುಂಚೆ

ಸಿಲಿಂಡರ್ ತೆರೆದು ಪ್ರತಿಯೊಂದು ಕೋಣೆಯೂ ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಪ್ರದರ್ಶನದ ಕಪಾಟಿನಿಂದ ಈಗಷ್ಟೇ ತೆಗೆದದ್ದಾದರೂ ಸರಿ.

ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಓರೆಯಾಗಿ ಹಿಡಿಯಲು ಸಣ್ಣ ಟಾರ್ಚ್, ಮೆತ್ತನೆಯ ಬಟ್ಟೆ, ಸ್ಕ್ರೂ ತಲೆಯ ಸೀಳಿಗೆ ಅಗಲ-ದಪ್ಪ ಎರಡರಲ್ಲೂ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಒಂದು ನೋಟ್‌ಬುಕ್. ತುದಿ ಸಪೂರವಾಗುತ್ತ ಹೋಗುವ ಮಾಮೂಲಿ ಸ್ಕ್ರೂಡ್ರೈವರ್ ಸೀಳಿನಿಂದ ಜಾರಿ ಸ್ಕ್ರೂವಿನ ತಲೆ ಕೆಡಿಸುತ್ತದೆ. ಮುದ್ರೆ ಚೆನ್ನಾಗಿ ಕಾಣಲೆಂದು ಲೋಹದ ಪಾಲಿಶ್ ಹಚ್ಚಿ ತಿಕ್ಕಲು ಹೋಗಬೇಡಿ. ಓದಬೇಕಾದ ಸಾಕ್ಷಿಯೇ ಅಳಿಸಿಹೋಗುತ್ತದೆ. ಒಂದು ಹನಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಹಿಡಿ ಬಿಚ್ಚುವುದು

ಮುಖ್ಯ ಸುದ್ದಿ ಮರದ ಕೆಳಗೆ ಅಡಗಿರುತ್ತದೆ. ಹಿಡಿಯ ಸ್ಕ್ರೂವನ್ನು ಪೂರ್ತಿ ತೆಗೆಯದೆ ಮೂರ್ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಸ್ಕ್ರೂಡ್ರೈವರಿನ ಹಿಂಬದಿಯಿಂದ ಮೆಲ್ಲಗೆ ಕುಟ್ಟಿ. ಆಚೆ ಬದಿಯ ಮರದ ಪಟ್ಟಿ ತಾನಾಗಿ ಎದ್ದು ಬರುತ್ತದೆ. ಅಂಚಿಗೆ ಚಾಕು ತೂರಿಸಿ ಮೀಟಿದರೆ ಮರದ ಚೂರು ಹಾರುವುದು ಖಂಡಿತ.

ಈಗ ಚೌಕಟ್ಟಿನ ಎಡಬದಿ ನೋಡಿ. ಕಾರ್ಖಾನೆಯಲ್ಲಿ ಮರುಕೆಲಸ ಆಗಿದ್ದರೆ ಅಲ್ಲಿ ಸಾಮಾನ್ಯವಾಗಿ ಸಣ್ಣ ಅಂಕಿಗಳಿರುತ್ತವೆ: ಮೊದಲು ತಿಂಗಳು, ಆಮೇಲೆ ವರ್ಷ. ‘4.37’ ಎಂದರೆ 1937ರ ಏಪ್ರಿಲ್. ಚುಕ್ಕಿ ಬಿಟ್ಟು ‘1048’ ಎಂದಿದ್ದರೆ 1948ರ ಅಕ್ಟೋಬರ್. ಜೊತೆಗೆ ‘ಆರ್-ಎನ್’ ಅಕ್ಷರಗಳಿದ್ದರೆ ಮತ್ತೆ ನಿಕಲ್ ಹಾಕಲಾಗಿದೆ ಎಂದರ್ಥ. ‘ಆರ್-ಬಿ’ ಅಥವಾ ‘ಆರ್-ಎಸ್’ ಇದ್ದರೆ ಮತ್ತೆ ನೀಲಿ. ಅಲ್ಲೇ ಆಸುಪಾಸು ಒಂಟಿ ಅಕ್ಷರಗಳೂ ಚೆಲ್ಲಾಡಿರುತ್ತವೆ. ಅವು ತಯಾರಿಕೆಯ ಕಾಲದ ತಪಾಸಣೆಯ ಗುರುತುಗಳು. ಮುಂದೆ ‘ಆರ್’ ಇಲ್ಲದ ಒಂಟಿ ‘ಬಿ’ ಕಂಡು ಮರುಬಣ್ಣ ಎಂದು ಬರೆದುಕೊಳ್ಳುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ಬಲಬದಿಯ ಪಟ್ಟಿಯನ್ನು ತಿರುಗಿಸಿ ಒಳಮೈ ನೋಡಿ. ಯುದ್ಧಪೂರ್ವದ (ಎರಡನೇ ಮಹಾಯುದ್ಧಕ್ಕೂ ಮುಂಚಿನ) ಹಿಡಿಗಳಲ್ಲಿ ಸೀರಿಯಲ್ ನಂಬರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಇಲ್ಲವೇ ಗೀಚುತ್ತಿದ್ದರು ಅಥವಾ ಅಚ್ಚೊತ್ತುತ್ತಿದ್ದರು. ಪೆನ್ಸಿಲ್ ಗುರುತು ಮಾಸಿದ್ದರೆ ಟಾರ್ಚನ್ನು ಮರಕ್ಕೆ ಸಮಾನಾಂತರವಾಗಿ ಹಿಡಿದರೆ ಗೆರೆ ಹೊಳೆಯುತ್ತದೆ.

ನಂಬರ್ ತಾಳೆ ನೋಡುವುದು

ಯುದ್ಧಪೂರ್ವದ ಹ್ಯಾಂಡ್ ಇಜೆಕ್ಟರ್ (ಸಿಲಿಂಡರ್ ಪಕ್ಕಕ್ಕೆ ಹೊರಳುವ) ಮಾದರಿಗಳಲ್ಲಿ ಹಿಡಿಯ ತಳದ ನಂಬರೇ ಸಿಲಿಂಡರಿನ ಹಿಂಮೈ, ಬ್ಯಾರೆಲ್ಲಿನ ತಳಭಾಗ, ಖಾಲಿ ತೋಟೆ ಹೊರದಬ್ಬುವ ಎಕ್ಸ್‌ಟ್ರಾಕ್ಟರ್ ಚಕ್ರದ ಒಳಮೈಗಳಲ್ಲೂ ಇರುತ್ತದೆ. ಸಿಲಿಂಡರನ್ನು ಹೊತ್ತ ತೋಳಿನ ಮೇಲಿನ ನಂಬರ್ ಬೇಕಾದರೆ ಸಿಲಿಂಡರಿನ ಒಂದು ತೂತಿನ ಮೂಲಕವೇ ಇಣುಕಿ ಓದಬಹುದು. ತೋಳು ಚೌಕಟ್ಟಿಗೆ ಕೂರುವ ಜಾಗದಲ್ಲಿ ಕಾಣುವ ಅಂಕಿಗಳು ಬೇರೆಯದೇ ಲೆಕ್ಕ. ಜೋಡಣೆಯ ವೇಳೆ ಭಾಗಗಳು ಬೆರೆಯದಿರಲೆಂದು ಹಾಕಿದ ಅಂಕಿಗಳವು, ಚೌಕಟ್ಟಿನ ಪಕ್ಕದ ಮುಚ್ಚಳವಾದ ಸೈಡ್‌ಪ್ಲೇಟಿನ ಒಳಗೂ ಅವೇ ಇರುತ್ತವೆ. ಅವು ಸೀರಿಯಲ್ ನಂಬರಿಗೆ ಹೊಂದಲಿಲ್ಲವೆಂದು ಗಾಬರಿ ಬೀಳಬೇಕಿಲ್ಲ.

ಬ್ಯಾರೆಲ್ಲಿನ ತಳದಲ್ಲೂ ಸಿಲಿಂಡರಿನ ಹಿಂಮೈಯಲ್ಲೂ ‘ಎನ್’ ಇದ್ದರೆ ಆ ಭಾಗಗಳು ನಿಕಲ್ಲಿಗೆಂದೇ ಗುರುತಾಗಿದ್ದವು. ನಿಕಲ್ ಮೈಯಿದ್ದೂ ‘ಎನ್’ ಎಲ್ಲೂ ಇಲ್ಲವೆಂದರೆ ಅನುಮಾನಕ್ಕೆ ಕಾರಣ ಸಿಕ್ಕಿತು ಅನ್ನಿ, ಅದೊಂದರಿಂದಲೇ ಸಾಬೀತಾಗುವುದಿಲ್ಲ.

ಲೋಹ ಹೇಳುವ ಸಾಕ್ಷಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೆ. ಮೊದಲು ಹ್ಯಾಮರ್ ಮತ್ತು ಟ್ರಿಗರ್. ಈ ಕಂಪನಿಯ ಹ್ಯಾಂಡ್ ಇಜೆಕ್ಟರ್‌ಗಳಲ್ಲಿ ಇವೆರಡಕ್ಕೂ ನೀಲಿಯನ್ನಾಗಲಿ ನಿಕಲ್ಲನ್ನಾಗಲಿ ಹಚ್ಚದೆ, ಮೇಲ್ಮೈ ಗಟ್ಟಿಗೊಳಿಸುವಾಗ ಮೂಡುವ ಬೂದು-ಕಂದು-ನೀಲಿ ಮೋಡದ ಬಣ್ಣವನ್ನು ಹಾಗೆಯೇ ಬಿಡುತ್ತಿದ್ದರು. ಹ್ಯಾಮರಿಗೂ ನಿಕಲ್ ಹೊಳೆಯುತ್ತಿದ್ದರೆ ಅದು ಬಹುಮಟ್ಟಿಗೆ ಹೊರಗಿನ ಪ್ಲೇಟಿಂಗ್ ಅಂಗಡಿಯ ಕೈವಾಡ. ಅಲ್ಲಿ ಬಿಚ್ಚಿದ್ದನ್ನೆಲ್ಲ ಒಂದೇ ತೊಟ್ಟಿಗೆ ಅದ್ದುತ್ತಾರೆ. ಇನ್ನೂ ಹಳೆಯ, ಮೇಲಿನಿಂದ ಮಡಚಿ ತೆರೆಯುವ ಮಾದರಿಗಳಲ್ಲಿ ಮೈಯೆಲ್ಲ ನಿಕಲ್ ಇದ್ದರೂ ಟ್ರಿಗರ್ ಗಾರ್ಡ್ ಮತ್ತು ಮೇಲಿನ ಚಿಲಕ ನೀಲಿಯಾಗಿಯೇ ಇರಬೇಕು.

ಆಮೇಲೆ ಅಂಚುಗಳು. ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿದ ಲೋಹ ಸುಳ್ಳು ಹೇಳಲಾರದು. ಸ್ಕ್ರೂ ತೂತಿನ ಬಾಯಿ ತಟ್ಟೆಯಂತೆ ತಗ್ಗಿರುತ್ತದೆ. ಕೂದಲೆಳೆಯಷ್ಟು ಸಣ್ಣದಿರಬೇಕಾದ ಸೈಡ್‌ಪ್ಲೇಟಿನ ಸಂದು ಕಾಲುವೆಯಂತೆ ಕಾಣುತ್ತದೆ. ಬ್ಯಾರೆಲ್ ಮೇಲಿನ ಅಕ್ಷರಗಳು ಒಂದು ತುದಿಯಲ್ಲಿ ಆಳ, ಇನ್ನೊಂದು ತುದಿಯಲ್ಲಿ ತೇಲಿದಂತೆ ಇರುತ್ತವೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ತುಕ್ಕಿನ ಗುಳಿ. ಲೂಪಿನಲ್ಲಿ ಒಂದು ಗುಳಿಯ ತಳ ನೋಡಿ: ಕಂದಾಗಿಯೋ ಬರಿಯ ಲೋಹವಾಗಿಯೋ ಇದ್ದರೆ ತುಕ್ಕು ಬಂದದ್ದು ಬಣ್ಣದ ನಂತರ. ಗುಳಿಯ ತಳದಲ್ಲೂ ನೀಲಿ ಕೂತಿದ್ದರೆ ತುಕ್ಕು ಮೊದಲು, ಬಣ್ಣ ಆಮೇಲೆ. ಅಲ್ಲಿಗೆ ವಾದ ಮುಗಿಯಿತು.

ನೀಲಿಯ ಬಗೆಯೂ ಕಾಲ ಹೇಳುತ್ತದೆ. ಯುದ್ಧಪೂರ್ವದ ಅಮೆರಿಕನ್ ರಿವಾಲ್ವರುಗಳಿಗೆ ಕುಲುಮೆಯಲ್ಲಿ, ಇದ್ದಿಲಿನ ಹೊಗೆಯಲ್ಲಿ ಹದವಾಗಿ ಕಾಯಿಸಿ ನೀಲಿ ಹಿಡಿಸುತ್ತಿದ್ದರು. ಅದು ಆಳವಾದ, ತೆಳು ಪೊರೆಯ ಬಣ್ಣ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟಿನ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿ ಅದ್ದುವ ವಿಧಾನ ಆಮೇಲೆ ಬೇರೂರಿತು. ಅದರ ಬಣ್ಣ ಒಂದೇ ಸಮನೆ ಕಪ್ಪು. ಸರಿಯಾಗಿ ತೊಳೆಯದಿದ್ದರೆ ಸಂದುಗಳಿಂದ ಬಿಳಿ ಉಪ್ಪು ಜಿನುಗುತ್ತದೆ. 1920ರ ದಶಕದ ರಿವಾಲ್ವರಿನ ಮೇಲೆ ಕಾಸ್ಟಿಕ್ ಕಪ್ಪು ಕಂಡಿತೆನ್ನಿ. ಹಿಡಿಯ ಕೆಳಗೆ ‘ಆರ್-ಬಿ’, 1950ರ ದಶಕದ ತಾರೀಖು ಇದ್ದರೆ ಲೆಕ್ಕ ಕೂಡುತ್ತದೆ. ಯಾವ ಮುದ್ರೆಯೂ ಇಲ್ಲದಿದ್ದರೆ ಹೊರಗಿನ ಕೆಲಸವೆಂದು ಹಿಡಿಯುವುದು ಕ್ಷೇಮ.

ನಕ್ಷತ್ರವೇ ಖೋಟಾ ಇದ್ದರೆ?

ಒಂದು ಪಂಚ್ ಮತ್ತು ಸುತ್ತಿಗೆ ಇದ್ದರೆ ಯಾರು ಬೇಕಾದರೂ ನಕ್ಷತ್ರ ಒತ್ತಬಹುದು. ಹಾಗಾಗಿ ಮುದ್ರೆಯ ಗೆರೆಯೊಳಗೆ ಇಣುಕಿ. ಬಣ್ಣ ಹಾಕುವ ಮೊದಲು ಒತ್ತಿದ್ದಾದರೆ ಗೆರೆಯ ತಳಕ್ಕೂ ಬಣ್ಣ ಇಳಿದಿರುತ್ತದೆ. ಬಣ್ಣದ ಮೇಲೆ ಒತ್ತಿದ್ದಾದರೆ ತಳದಲ್ಲಿ ಬರಿ ಲೋಹ ಹೊಳೆಯುತ್ತದೆ, ಅಂಚಿನಲ್ಲಿ ಎದ್ದ ಲೋಹ ಉಗುರಿಗೆ ತಾಕುತ್ತದೆ. ಆದರೆ ಕೇವಲ ಬಿಡಿಭಾಗ ಬದಲಿಸಿ ನಕ್ಷತ್ರ ಒತ್ತಿದ ಪ್ರಾಮಾಣಿಕ ಉದಾಹರಣೆಯಲ್ಲೂ ಹೀಗಾಗಬಹುದು. ‘ಕಾರ್ಖಾನೆಯ ಮರುಬಣ್ಣ’ ಎಂದು ಹೇಳಿ ಮಾರುವಾಗ ಮಾತ್ರ ಹೊಳೆಯುವ ನಕ್ಷತ್ರ ಆ ಮಾತಿಗೆ ಅಡ್ಡ ನಿಲ್ಲುತ್ತದೆ.

ಬೇರೆ ಮನೆತನಗಳು

ಕೋಲ್ಟ್ ರಿವಾಲ್ವರುಗಳಲ್ಲಿ ಟ್ರಿಗರ್ ಗಾರ್ಡಿನ ಬಳಿ ನಕ್ಷತ್ರ ಅಥವಾ ‘ಮತ್ತು’ ಎನ್ನಲು ಇಂಗ್ಲಿಷಿನಲ್ಲಿ ಬರೆಯುವ ಸುರುಳಿ ಚಿಹ್ನೆ ಹುಡುಕಿ. ಸೇನೆಯವಕ್ಕೆ ನಿಯಮವೇ ಬೇರೆ. ಬ್ರಿಟಿಷ್ ಪರಂಪರೆಯ ಶಸ್ತ್ರಗಳ ಮೇಲಿನ ‘ಎಫ್‌ಟಿಆರ್’ ಎಂದರೆ ಕಾರ್ಖಾನೆಯಲ್ಲಿ ಆಮೂಲಾಗ್ರ ದುರಸ್ತಿ. ಪಕ್ಕದ ಅಂಕಿ ವರ್ಷದ್ದು. ಅಮೆರಿಕ ಸೇನೆಯ 1917ರ ಮಾದರಿ ಹುಟ್ಟಿದ್ದು ನೀಲಿಯಾಗಿ. ಬೂದು ಫಾಸ್ಫೇಟ್ ಮೈ ಇದ್ದರೆ ಆಮೇಲೆ ಸೇನಾ ಕಾರ್ಯಾಗಾರಕ್ಕೆ ಹೋಗಿತ್ತೆಂದರ್ಥ. ಅಮೆರಿಕ ಸೇನೆಗಾಗಿ ಬ್ಯಾರೆಲ್ ಗಿಡ್ಡ ಮಾಡಿಸಿದ ಕೋಲ್ಟ್‌ನ ‘ಆರ್ಟಿಲರಿ’ ರಿವಾಲ್ವರಂತೂ ಎಲ್ಲ ಲೆಕ್ಕ ತಲೆಕೆಳಗು ಮಾಡುತ್ತದೆ. ಏಳೂವರೆ ಇಂಚಿನ ಬ್ಯಾರೆಲ್ಲನ್ನು ಐದೂವರೆಗೆ ಇಳಿಸುವಾಗ ಭಾಗಗಳು ಬೆರೆತುಹೋದವು. ಅಲ್ಲಿ ನಂಬರ್ ಬೆರಕೆಯಾಗಿರುವುದೇ ಸಹಜ, ಎಲ್ಲವೂ ಹೊಂದಿದರೆ ಇನ್ನೊಮ್ಮೆ ನೋಡಬೇಕು.

ಕಾಗದದೊಂದಿಗೆ ತಾಳೆ

ಸ್ಮಿತ್ ಆ್ಯಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್ ಮತ್ತು ಕೋಲ್ಟ್ ಆರ್ಕೈವ್ಸ್ ನೀಡುವ ಪತ್ರದಿಂದ ರಿವಾಲ್ವರ್ ಮೊದಲು ಯಾವ ದಿನ, ಯಾವ ಬಣ್ಣದಲ್ಲಿ ಹೊರಟಿತ್ತೆಂದು ತಿಳಿಯಬಹುದು. ಪತ್ರದಲ್ಲಿ ‘1921, ನೀಲಿ’ ಎಂದಿದೆ, ಕೈಯಲ್ಲಿರುವುದು ನಿಕಲ್ ಎಂದುಕೊಳ್ಳಿ. ತಳದಲ್ಲಿ ನಕ್ಷತ್ರ, ಹಿಡಿಯ ಕೆಳಗೆ ‘ಆರ್-ಎನ್’ ಮತ್ತು ‘4.37’, ಗೆರೆಗಳೊಳಗೂ ನಿಕಲ್, ಹ್ಯಾಮರಿನಲ್ಲಿ ಮೋಡದ ಬಣ್ಣ ಇದ್ದರೆ ‘1937ರಲ್ಲಿ ಕಾರ್ಖಾನೆಯೇ ನಿಕಲ್ ಹಾಕಿದ್ದು’ ಎಂದು ಧೈರ್ಯವಾಗಿ ಬರೆಯಬಹುದು. ಬರೀ ನಕ್ಷತ್ರವಿದ್ದು ಹ್ಯಾಮರಿಗೂ ನಿಕಲ್ ಬಳಿದಿದ್ದರೆ, ಕಾರ್ಖಾನೆಗೆ ಹೋದದ್ದು ಒಂದು ಕಾರಣಕ್ಕೆ, ನಿಕಲ್ ಬಂದದ್ದು ಇನ್ನೊಂದು ಕೈಯಿಂದ.

ಹಿಡಿ ಮತ್ತೆ ಜೋಡಿಸುವ ಮುನ್ನ ಒಳಗಿನ ಎಲ್ಲ ಗುರುತುಗಳ ಫೋಟೊ ತೆಗೆದಿಡಿ. ಪದೇ ಪದೇ ಬಿಚ್ಚುವುದು ತಪ್ಪುತ್ತದೆ. ಸ್ಕ್ರೂ ಬಿಗಿ ಹಿಡಿಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಇನ್ನರ್ಧ ಸುತ್ತು ತಿರುಗಿಸಿದರೆ ಒಣಗಿದ ಹಳೆಯ ವಾಲ್‌ನಟ್ ತೂತಿನಿಂದ ಅಂಚಿನವರೆಗೆ ಸೀಳುತ್ತದೆ.